ಉಪ್ಪಿಲ್ಲದ ಊರಿನ ಸ್ಟೇಶನ್

ತಪ್ಪು ನನ್ನದಲ್ಲ, ತಂಬಿಗೆಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ನಾದಿನಿ ಕುಮುದ ಈ ಕಥೆಯನ್ನು ಯಾರಿಗೆ ಹೇಳಿದರೂ "ನಮ್ಮ ವೈನಿ ನೀರು ತುಂಬಲಿಕ್ಕೆ ಇಳದ್ರು ನೋಡ್ರಿ" ಎಂದೇ ಶುರು ಮಾಡುತ್ತಾಳೆ. ಧಾರವಾಡದ ಹೆಣ್ಣುಮಗಳು ರೈಲು ನಿಂತಾಗ ತಂಬಿಗೆ ಹಿಡಿದು ಇಳಿಯದೆ ಇನ್ನೇನು ಮಾಡಬೇಕು? ಗದಗ, ಗುಂತಕಲ್ಲು, ಮೀರಜ, ಎಲ್ಲಿ ಗಾಡಿ ನಿಂತರೂ ನಲ್ಲಿ ಹುಡುಕಿ, ತಂಬಿಗೆ ತೊಳೆದು, ತುಂಬಿ, ಗಾರ್ಡು ಸೀಟಿ ಊದಿದ ಮೇಲೆ ಸಾವಕಾಶ ಹತ್ತಿದವಳು ನಾನು. ಆ ಪರದೇಶದ ಗಾಡಿಗಳು ಸೀಟಿ ಊದುವುದಿಲ್ಲ, ಬಾಗಿಲು ತಾವೇ ಮುಚ್ಚಿಕೊಂಡು ಹೊರಟುಬಿಡುತ್ತವೆ ಎಂದು ನನಗೆ ಯಾರು ಹೇಳಿದ್ದರು?

ನಾವು ಹೊರಟಿದ್ದು ಕುಮುದಳ ಮದುವೆಗೆ. ನಗಬೇಡಿ. ಅವಳಿಗೆ ಐವತ್ತೆಂಟು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟಾಯರ್ ಆದವಳು. ನಾನು ಸೊಸೆಯಾಗಿ ಆ ಮನೆ ಹೊಕ್ಕ ದಿನದಿಂದ ಅವಳು ಅಲ್ಲೇ ಇದ್ದಳು, ಎಲ್ಲಿಗೂ ಹೋಗಲಿಲ್ಲ. ಬಂದ ವರಗಳಲ್ಲಿ ಒಬ್ಬನ ಮೂಗು ಸರಿಯಿರಲಿಲ್ಲ, ಇನ್ನೊಬ್ಬನ ವ್ಯಾಕರಣ ಸರಿಯಿರಲಿಲ್ಲ. ಕಡೆಗೆ ಫೋನಿನಲ್ಲಿ ಚದುರಂಗ ಆಡುತ್ತಾ ಆಡುತ್ತಾ ಗಲಗಲಿ ಎಂಬುವವರ ಪರಿಚಯವಾಯಿತು. ವಿಜಾಪುರದ ಕಡೆಯವರು, ಹೆಂಡತಿ ತೀರಿಕೊಂಡವರು, ಆ ದೂರದ ದೇಶದ ಮ್ಯೂಸಿಯಮ್ಮೊಂದರಲ್ಲಿ ಹಳೆಯ ಗಡಿಯಾರ ರಿಪೇರಿ ಮಾಡುತ್ತಾ ಅಲ್ಲೇ ಬೇರು ಬಿಟ್ಟವರು. ಶನಿವಾರ ಮುಂಜಾನೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ. ಅದು ತಪ್ಪಿದರೆ ಮತ್ತೆ ಮುಂದಿನ ಬೇಸಿಗೆಗೇ ಸರದಿ. "ಈ ವಯಸ್ಸಿನಾಗ ಇಂಥಾ ಧೈರ್ಯ ಎರಡ ಸರ್ತಿ ಬರೂದಿಲ್ಲ ವೈನಿ, ತಪ್ಪಿತಂದ್ರ ತಪ್ಪಿತು" ಎಂದು ಕುಮುದ ವಿಮಾನದಲ್ಲೇ ಹೇಳಿದ್ದಳು. ನಮ್ಮ ಯಜಮಾನರಿಗೆ ಮೊಣಕಾಲು ನೋವು, ಹೀಗಾಗಿ ಹೆಣ್ಣಿನ ಕಡೆಯಿಂದ ನಿಲ್ಲಲು ನನ್ನನ್ನು ಕಳಿಸಿದ್ದರು. ಅತ್ತಿಗೆ ನಾದಿನಿಯರನ್ನು ಒಂದೇ ಡಬ್ಬಿಯಲ್ಲಿ ಕೂಡಿಸಿ ಅಷ್ಟು ದೂರ ಕಳಿಸುವ ಎದೆಗಾರಿಕೆ ಅವರಿಗೆ ಎಲ್ಲಿಂದ ಬಂತೋ, ದೇವರಿಗೇ ಗೊತ್ತು.

ಮಂಗಳವಾರ ಮಧ್ಯಾಹ್ನ ನಮ್ಮ ಗಾಡಿ ಯಾವ ಕಾರಣಕ್ಕೋ ಒಂದು ಹಳೇ ಊರಿನಲ್ಲಿ ನಿಂತಿತು. ಅದು ನಿಲ್ಲುವ ಊರೇ ಅಲ್ಲವಂತೆ. ಕಿಟಕಿಯಿಂದ ಕಲ್ಲಿನ ಸೇತುವೆ ಕಂಡಿತು, ಚೂಪು ಗೋಪುರದ ಇಗರ್ಜಿ ಕಂಡಿತು, ಎಲ್ಲಕ್ಕಿಂತ ಮುಖ್ಯವಾಗಿ ಪ್ಲಾಟ್‌ಫಾರ್ಮಿನ ತುದಿಗೆ ಸಿಂಹದ ಬಾಯಿಂದ ಸುರಿಯುವ ನಲ್ಲಿ ಕಂಡಿತು. ನಾನು ಎದ್ದೆ.

"ವೈನಿ, ಇಳೀಬ್ಯಾಡ್ರಿ, ಇದೇನು ಗದಗ ಅಲ್ಲ!"

"ಗದಗಿನ ನೀರಿಗಿಂತ ಛಲೋ ಕಾಣಸ್ತದ. ನೀ ಸುಮ್ನ ಕೂಡು."

ಸುಮ್ಮನೆ ಕೂಡಬೇಕಲ್ಲ ಅವಳು! ನನ್ನನ್ನು ಕರೆಯಲು ಇಳಿದಳು. ಮುಂದಿನದ್ದು ನಿಮಗೆ ಗೊತ್ತೇ ಆಯಿತು. ಎರಡು ಸೂಟ್‌ಕೇಸು, ಧಾರೆ ಸೀರೆ, ಗಲಗಲಿಯವರಿಗೆಂದು ಒಯ್ದ ಪೇಡೆ, ಎಲ್ಲವೂ ಮದುಮಗಳನ್ನು ಬಿಟ್ಟು ಮದುವೆಗೆ ಹೊರಟುಹೋದವು. ನನ್ನ ಹತ್ತಿರ ಉಳಿದದ್ದು ತಂಬಿಗೆ ಮತ್ತು ಹೆಗಲಿಗಿದ್ದ ತಿನಿಸಿನ ಚೀಲ. ತಿನಿಸಿನ ಚೀಲ ಬಿಟ್ಟು ನಾನು ಬಾತ್‌ರೂಮಿಗೂ ಹೋಗುವವಳಲ್ಲ.

ಸ್ಟೇಶನ್ ಮಾಸ್ತರ ಬಂದ. ಉದ್ದನೆಯ ಮನುಷ್ಯ, ಕೋಟಿನ ಎಲ್ಲ ಜೇಬಿನಿಂದಲೂ ಬಿಳಿ ಕರ್ಚೀಫುಗಳು ಇಣುಕುತ್ತಿದ್ದವು. ಅವನಿಗೆ ಇಂಗ್ಲಿಷು ಬರುತ್ತಿತ್ತು. ಕುಮುದ ಅವನ ಮಾತು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಒರೆಸಿಕೊಂಡಳು. ಮಕ್ಕಳು ತಪ್ಪು ಉತ್ತರ ಹೇಳಿದಾಗ ಅವಳು ಮಾಡುತ್ತಿದ್ದುದೇ ಹಾಗೆ.

"ಇಲ್ಲಿಂದ ಮುಂದ ಹೋಗ್ಲಿಕ್ಕೆ ಬ್ಯಾರೆ ಹಾದಿ ಇಲ್ಲಂತ ವೈನಿ, ದಿನಾ ಒಂದ ಗಾಡಿ ಅದಂತ. ಹಳೇದು. ಆದ್ರ ಹೋಗವ್ರ ಸಲುವಾಗಿ ಪ್ಲಾಟ್‌ಫಾರ್ಮ್ ಮ್ಯಾಲ ನಿಂತು ಯಾರರೆ ಅಳಬೇಕಂತ."

"ಯಾಕ? ಯಾರು ಸತ್ತಾರ?"

"ಯಾರೂ ಸತ್ತಿಲ್ರಿ. ಬಿಟ್ಟು ಹೋಗ್ತಾರಲ್ಲಾ ಅಂತ ಅಳಬೇಕು. ಖರೇ ಅಳಬೇಕು. ಗಾಡ್ಯಾಗ ಕೂತವ್ರು ಅತ್ರ ನಡಿಯೂದಿಲ್ಲ, ಕೆಳಗ ನಿಂತವ್ರ ಅಳಬೇಕು. ಇಲ್ಲಾಂದ್ರ ಗಾಲಿ ತಿರುಗೂದಿಲ್ಲಂತ."

"ಮತ್ತ ಟಿಕೀಟು?"

"ಟಿಕೀಟು ಬ್ಯಾಡಂತ."

ಹಾಗಾದರೆ ಒಳ್ಳೆಯದೇ ಆಯಿತು ಎಂದು ನಾನು ತಂಬಿಗೆ ತುಂಬಿಕೊಂಡೆ. ಪುಕ್ಕಟೆ ಗಾಡಿ, ಅಳುವುದೇನು ದೊಡ್ಡ ಮಾತು? ನಮ್ಮ ಓಣಿಯಲ್ಲಿ ಬೆಕ್ಕು ಹೋದರೂ ಅಳುವವರಿದ್ದಾರೆ.

ಸೇತುವೆಯ ಪಕ್ಕ ಹೆಡ್ವಿಗಾ ಎಂಬ ಮುದುಕಿಯ ಮನೆಯಲ್ಲಿ ನಮಗೆ ಕೋಣೆ ಕೊಡಿಸಿದರು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಗುಂಡಗೆ, ಗಟ್ಟಿಯಾಗಿ, ತೋಳು ಮಡಿಚಿದ ಅಂಗಿ, ಮುಖದ ಮೇಲೆ ಮೊಳೆ ಹೊಡೆದು ಕೂರಿಸಿದಂಥ ನಗು. ನಾನು ಅವಳನ್ನು ಹೆಡ್ವಿಗಾಬಾಯಿ ಎಂದು ಕರೆದೆ. ಬಾಗಿಲ ಹಿಂದಿನ ಗೂಟಕ್ಕೆ ಅಡಿಗೆಯ ಏಪ್ರನ್ ಎರಡು ತೂಗುಬಿಟ್ಟಿದ್ದವು. ಒಂದು ಅವಳದು, ಇನ್ನೊಂದು ತೀರಿಹೋದ ಅವಳ ಅಕ್ಕನದು ಎಂದು ಕುಮುದ ಕೈಸನ್ನೆಯಲ್ಲೇ ತಿಳಿದುಕೊಂಡು ನನಗೆ ಹೇಳಿದಳು.

ಊರು ನೋಡಲು ಹೋದೆವು. ಅಯ್ಯೋ, ಅಂಥ ಒಳ್ಳೆಯ ಜನರನ್ನು ನಾನು ಜನ್ಮದಲ್ಲಿ ಕಂಡಿಲ್ಲ, ಮತ್ತೆ ಕಾಣುವುದೂ ಬೇಡ. ಒಬ್ಬನ ಕಾಲು ತುಳಿದೆ, ಅವನೇ ಕ್ಷಮೆ ಕೇಳಿದ. ಬ್ರೆಡ್ಡಿನವನು ಒಂದು ಕೊಂಡರೆ ಇನ್ನೊಂದು ಕೈಗಿಟ್ಟ. ಕಟಿಂಗ್ ಅಂಗಡಿಯವನು ಬೀದಿಗೆ ಬಂದು ನನ್ನ ತುರುಬನ್ನು ಹೊಗಳಿದ. ಯಾರೂ ದನಿ ಎತ್ತುವುದಿಲ್ಲ, ಚೌಕಾಸಿ ಇಲ್ಲ, ನಾಯಿ ಸಹ ಬೊಗಳುವ ಮೊದಲು ಅತ್ತಿತ್ತ ನೋಡುತ್ತಿತ್ತು. ಎಲ್ಲರಿಗೂ ಒಂದಲ್ಲ ಒಂದು ದಿನ ಗಾಡಿ ಹತ್ತಬೇಕಲ್ಲ, ಆಗ ಅಳುವವರು ಬೇಕಲ್ಲ! ಅದಕ್ಕೇ ಇಡೀ ಊರು ಒಬ್ಬರಿಗೊಬ್ಬರು ಸಕ್ಕರೆ ಉಣಿಸುತ್ತಾ ಕೂತಿತ್ತು. ಸಾಯಂಕಾಲದ ಹೊತ್ತಿಗೆ ನನಗೆ ಹಲ್ಲು ಜುಮ್ಮೆನ್ನತೊಡಗಿತು.

ಆದರೆ ಈ ಸಕ್ಕರೆ ಕೆಲಸ ಮಾಡುತ್ತಿರಲಿಲ್ಲ. ಮರುದಿನ ಸ್ಟೇಶನ್ನಿನಲ್ಲಿ ನಾವೇ ಕಣ್ಣಾರೆ ನೋಡಿದೆವು. ಕಂದು ಬಣ್ಣದ ಪೆಟ್ಟಿಗೆ ಹಿಡಿದ ಒಬ್ಬ ಮುದುಕ ಗಾಡಿ ಹತ್ತಿದ. ಸಮುದ್ರದ ದಂಡೆಯಲ್ಲಿ ಅವನಿಗೆ ತಮ್ಮನೊಬ್ಬನಿದ್ದನಂತೆ, ಅವನನ್ನು ನೋಡಬೇಕಂತೆ. ನೆರೆಹೊರೆಯವರು ಹೂ ಕೊಟ್ಟರು, ಕೈ ಬೀಸಿದರು, ಕಣ್ಣು ಒತ್ತಿಕೊಂಡರು. ಸ್ಟೇಶನ್ ಮಾಸ್ತರ ಒಬ್ಬೊಬ್ಬರ ಕೆನ್ನೆಗೂ ಕರ್ಚೀಫು ತಾಗಿಸಿ ನೋಡಿದ. ಗಾಲಿ ಜಪ್ಪಯ್ಯ ಅನ್ನಲಿಲ್ಲ. ಮುದುಕ ಇಳಿದ, ಎಲ್ಲರಿಗೂ ವಂದನೆ ಹೇಳಿದ, ಪೆಟ್ಟಿಗೆ ಹಿಡಿದು ಮನೆಗೆ ಹೋದ. ತಲೆಗೂದಲು ಕಪ್ಪಗಿದ್ದಾಗಿನಿಂದ ಹೀಗೇ ಬಂದು ಹೋಗುತ್ತಿದ್ದಾನಂತೆ.

"ನಮ್ಮದು ಹಂಗಾಗೂದಿಲ್ಲ ಬಿಡ್ರಿ" ಎಂದಳು ಕುಮುದ. ಅವಳ ಗುಣವೇ ಅಂಥದು, ಹೋದಲ್ಲೆಲ್ಲ ಜನ ಅಂಟಿಕೊಳ್ಳುತ್ತಾರೆ. ಒಂದೇ ದಿನದಲ್ಲಿ ಅರ್ಧ ಊರು ಅವಳನ್ನು ಕಳಿಸಲು ಬಂದು ನಿಂತಿತ್ತು. ನನ್ನನ್ನು ಕಳಿಸಲು ಯಾರೂ ಬಂದಿರಲಿಲ್ಲ, ಅದು ಬೇರೆ ಮಾತು. ಅವಳ ಸೆರಗಿನಲ್ಲಿ ನಾನೂ ದಾಟಿಕೊಳ್ಳಬಹುದು ಎಂದುಕೊಂಡು ಪಕ್ಕದಲ್ಲಿ ಕೂತೆ. ಬ್ರೆಡ್ಡಿನವನು ಸುರ್ ಎಂದು ಮೂಗು ಎಳೆದ. ಕಟಿಂಗ್ ಅಂಗಡಿಯವನು ಬಿಕ್ಕಿದ. ಮಾಸ್ತರ ಕರ್ಚೀಫುಗಳನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದ.

"ಏನಂತಾನ?"

"ಇದು ಮರ್ಯಾದಿ ಕಣ್ಣೀರಂತ, ವೈನಿ. ಇದಕ್ಕ ಗಾಡಿ ನಡಿಯೂದಿಲ್ಲಂತ."

ಬೆಲ್ಲಕ್ಕೆ ಇರುವೆ ಮುತ್ತುತ್ತದೆ, ಅಳುತ್ತದೆಯೇ? ಇಳಿದು ಬಂದೆವು. ಬುಧವಾರ ಕಳೆಯಿತು.

ಆ ದಿನದ ಊಟಕ್ಕೆ ಹೆಡ್ವಿಗಾಬಾಯಿ ಕೆಂಪು ಗಡ್ಡೆಯ ಸಾರು ಮಾಡಿದ್ದಳು. ಒಂದು ಚಮಚ ಬಾಯಿಗಿಟ್ಟೆ. ಉಪ್ಪಿಲ್ಲ. ಹಿಂದಿನ ದಿನವೂ ಇರಲಿಲ್ಲ, ಮುಂಜಾನೆಯ ಬ್ರೆಡ್ಡಿನಲ್ಲೂ ಇರಲಿಲ್ಲ. ಮೇಜಿನ ಮೇಲೆ ಉಪ್ಪಿನ ಡಬ್ಬಿಯೂ ಇಲ್ಲ. ಕುಮುದ ವಿಚಾರಿಸಿದ್ದಳು: ಆ ಊರಲ್ಲಿ ಉಪ್ಪು ಕೇಳಿದರೆ ಅಡಿಗೆ ಮಾಡಿದವರಿಗೆ ನೋವಾಗುತ್ತದೆಂದು ಯಾರೂ ಕೇಳುತ್ತಿರಲಿಲ್ಲವಂತೆ, ಕೇಳದೆ ಕೇಳದೆ ಹಾಕುವುದೇ ಬಿಟ್ಟುಹೋಗಿತ್ತಂತೆ. ಉಪ್ಪಿಗಿಂತ ರುಚಿಯಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಈ ಮಂದಿಯ ಕಿವಿಗೆ ಬಿದ್ದಿಲ್ಲ. ಎದುರಿಗೆ ಹೆಡ್ವಿಗಾಬಾಯಿ ಅದೇ ಮೊಳೆ ಹೊಡೆದ ನಗುವಿನಲ್ಲಿ ತನ್ನ ಸಪ್ಪೆ ಸಾರನ್ನು ತಾನೇ ಕುಡಿಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಚಮಚ ಕುಕ್ಕಿದೆ.

"ಏನವಾ, ಇದು ಸಾರೋ ಅರಿವಿ ಒಗದ ನೀರೋ? ನಾಳೆ ನಾ ಹೋದ ಮ್ಯಾಲ ಈ ಮನಿ ಉಪ್ಪಿನ ಋಣ ನನಗಿಲ್ಲ ನೋಡು. ಯಾಕಂದ್ರ ಉಪ್ಪ ಇಲ್ಲ!"

ಕುಮುದ ಹಣೆ ಹಣೆ ಬಡಿದುಕೊಂಡಳು. ಹೆಡ್ವಿಗಾಬಾಯಿಗೆ ಕನ್ನಡ ಎಲ್ಲಿ ತಿಳಿಯಬೇಕು? ಆದರೆ ಕುಕ್ಕಿದ ಚಮಚ ಎಲ್ಲ ಭಾಷೆಯಲ್ಲೂ ಒಂದೇ. ಅವಳ ನಗು ಒಂದು ಕಡೆಯಿಂದ ಸಡಿಲವಾಯಿತು, ಆಮೇಲೆ ಇನ್ನೊಂದು ಕಡೆಯಿಂದ. ಎದ್ದಳು. ಬಾಗಿಲ ಹಿಂದೆ ಹೋಗಿ, ಹಿಮ ಬಿದ್ದಾಗ ಕಾಲು ಜಾರದಿರಲೆಂದು ಮೆಟ್ಟಿಲಿಗೆ ಉದುರಿಸಲು ಇಟ್ಟಿದ್ದ ಹರಳುಪ್ಪಿನ ತಗಡಿನ ಡಬ್ಬಿ ತಂದು ನನ್ನ ಮುಂದೆ ಧಡ್ಡನೆ ಇಟ್ಟಳು. ಸೊಂಟದ ಮೇಲೆ ಎರಡೂ ಕೈ ಇಟ್ಟು ಶುರು ಮಾಡಿದಳು ನೋಡಿ! ಅವಳು ಏನಂದಳೋ ನನಗೆ ತಿಳಿಯದು, ಆದರೆ ನನ್ನ ತಾಯಿ, ನನ್ನ ತವರು, ನನಗೆ ಅಡಿಗೆ ಕಲಿಸಿದವರು ಯಾರನ್ನೂ ಬಿಡಲಿಲ್ಲ ಎಂಬುದು ಮಾತ್ರ ಸ್ಪಷ್ಟವಾಗಿತ್ತು. ನಾನೂ ಎದ್ದೆ. ನಾನು ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಕಾಯಲಿಲ್ಲ. ಅವಳಿಗೆ ಅದೆಷ್ಟು ವರ್ಷದ್ದು ಬಾಕಿಯಿತ್ತೋ, ಕೆನ್ನೆ ಕೆಂಪಗಾಗಿ ಕಣ್ಣು ಮಿಂಚುತ್ತಿತ್ತು. ನಾನು ಅವಳನ್ನು ಮೂದೇವಿ ಎಂದೆ. ಅವಳು ಆ ಮಾತನ್ನು ಹಿಡಿದುಕೊಂಡು, ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ ನೋಡಿ, ನನಗೇ ತಿರುಗಿಸಿ ಕೊಟ್ಟಳು. ಕಿಟಕಿಯ ಹೊರಗೆ ಜನ ಸೇರಿದ್ದರು. ಒಬ್ಬ ತಂದೆ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ತೋರಿಸುತ್ತಿದ್ದ. ಆ ಊರಿನ ಮಕ್ಕಳು ಜಗಳವನ್ನೇ ಕಂಡಿರಲಿಲ್ಲ.

ಆಮೇಲೆ ಇಬ್ಬರೂ ಸಾರಿಗೆ ಉಪ್ಪು ಹಾಕಿಕೊಂಡು ಎರಡೆರಡು ಬಟ್ಟಲು ಕುಡಿದೆವು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಲ್ಲವರು ಜಗಳದ ರುಚಿ ಬಲ್ಲವರಲ್ಲ, ಅಷ್ಟೆ.

ಗುರುವಾರ ನನ್ನ ಬುದ್ಧಿ ಓಡಿಸಿದೆ. ಸೆರಗಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿ ಕಟ್ಟಿಕೊಂಡು ಹೋಗಿ, ಕಳಿಸಲು ಬಂದವರ ಮೂಗಿನ ಕೆಳಗೆಲ್ಲ ಹಿಡಿದು ಬಂದು ಗಾಡಿ ಹತ್ತಿದೆ. ಪ್ಲಾಟ್‌ಫಾರ್ಮಿನಲ್ಲಿ ಗಂಗಾ ಯಮುನೆ ಹರಿಯಿತು. ಬ್ರೆಡ್ಡಿನವನಂತೂ ಕಂಬ ತಬ್ಬಿಕೊಂಡು ಅತ್ತ. ಗಾಡಿ ಒಮ್ಮೆ "ಫುಸ್" ಎಂದಿತು. ನಾನು ಗೆದ್ದೆ ಎಂದುಕೊಂಡೆ. ಇಲ್ಲ, ಗಾಡಿ ನಕ್ಕಿತ್ತು. ಮಾಸ್ತರ ಕರ್ಚೀಫು ಮೂಸಿ ನೋಡಿ, ನನ್ನ ಸೆರಗಿನ ಕಡೆ ಬಹಳ ಗೌರವದಿಂದ ಬೆರಳು ತೋರಿಸಿದ.

ಮನೆಗೆ ಬಂದು ಕುಮುದ ಮೆಟ್ಟಿಲ ಮೇಲೆ ಕೂತಳು. ಶನಿವಾರಕ್ಕೆ ಮುಟ್ಟಬೇಕೆಂದರೆ ಉಳಿದದ್ದು ಶುಕ್ರವಾರದ ಗಾಡಿ ಒಂದೇ. ನದಿಯ ಕಡೆ ನೋಡುತ್ತಾ ಹೇಳಿದಳು: "ಹೋಗ್ಲಿ ಬಿಡ್ರಿ ವೈನಿ. ಗಲಗಲಿಯವ್ರಿಗೆ ಫೋನ್ ಮಾಡಿ ಹೇಳಿಬಿಡ್ತೀನಿ. ಬಂದ ದಾರಿಗೆ ಸುಂಕ ಇಲ್ಲ, ತಿರುಗಿ ಮನಿಗೆ ಹೋಗೂ ಹಾದಿ ನೋಡೂಣು. ನಂಗೇನು, ಮನ್ಯಾಗ ನನ್ನ ಖೋಲಿ ಅದ, ನೀವದೀರಿ."

ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಬೇಕಿತ್ತು. ಅವಳಿಲ್ಲದ ಮನೆಯನ್ನು ನೆನೆಸಿಕೊಂಡು ನಾನು ಎರಡು ತಿಂಗಳಿಂದ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಆದರೆ ಖುಷಿಯಾಗಲಿಲ್ಲ. ಚದುರಂಗದ ಫೋನು ಹಿಡಿದು ಅಂಗಳದಲ್ಲಿ ಒಬ್ಬಳೇ ನಗುತ್ತಿದ್ದ ಕುಮುದಳನ್ನು ನಾನು ನೋಡಿದ್ದೆ. ಆ ನಗುವನ್ನು ಹೀಗೆ ಒಂದು ಮೆಟ್ಟಿಲ ಮೇಲೆ ಬಿಟ್ಟು ಹೋಗುವುದೇ?

"ನಾಳೆ ನೀ ಒಬ್ಬಾಕಿನ ಹತ್ತು. ನಾ ಕೆಳಗ ನಿಂದರ್ತೀನಿ" ಎಂದೆ.

"ನೀವು ಅಳ್ತೀರಿ?" ಕುಮುದ ನಕ್ಕೇಬಿಟ್ಟಳು. "ನಿಮ್ಮ ಕಣ್ಣಾಗ ನೀರು ನೋಡಿದವ್ರು ಯಾರರೆ ಇದ್ರ ಕರ್ಕೊಂಡು ಬರ್ರಿ."

ಅದೂ ನಿಜವೇ. ನಾನು ಅಳುವ ಪೈಕಿಯಲ್ಲ. ನನ್ನ ಮದುವೆಯಲ್ಲಿ ತವರಿನವರೆಲ್ಲ ಅಳುತ್ತಿದ್ದಾಗ ನಾನು ಊಟದ ಪಂಕ್ತಿಯಲ್ಲಿ ಚಿರೋಟಿ ಸಾಲಲಿಲ್ಲವೆಂದು ಕೂಗಾಡುತ್ತಿದ್ದೆನಂತೆ.

ಶುಕ್ರವಾರ ಕುಮುದ ಹತ್ತಿ ಕಿಟಕಿಯ ಹತ್ತಿರ ಕೂತಳು, ಗಾಜು ಇಳಿಸಿದಳು. ನಾನು ಕೆಳಗೆ ನಿಂತೆ. ಅಳಲು ನೋಡಿದೆ. ಬರಲಿಲ್ಲ. ಸತ್ತವರನ್ನೆಲ್ಲ ನೆನೆಸಿಕೊಂಡೆ, ಬರಲಿಲ್ಲ. ಕಳೆದುಹೋದ ಮೂಗುತಿಯನ್ನು ನೆನೆಸಿಕೊಂಡೆ, ಸಿಟ್ಟು ಬಂತು. ಮಾಸ್ತರ ಕರ್ಚೀಫು ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದ, ಅವನ ಉಸಿರು ನನ್ನ ಕಿವಿಗೆ ಬೀಳುತ್ತಿತ್ತು.

"ದೂರ ನಿಂದ್ರೋ ಮಾರಾಯಾ, ಹಿಂಗ ಮೈಮ್ಯಾಲ ಬಿದ್ರ ಯಾರಿಗೆ ಅಳು ಬರ್ತದ?" ಎಂದೆ. ಅವನಿಗೆ ತಿಳಿಯದೆ ಬಾಗಿ ನಮಸ್ಕರಿಸಿದ.

"ವೈನಿ, ಸಾಕು ಬಿಡ್ರಿ. ಇಳೀತೀನಿ."

"ಕೂಡು ಅಲ್ಲೇ! ನಿಮ್ಮಣ್ಣನ ಗುಳಿಗಿ ಎಲ್ಲೆ ಇಟ್ಟೀ?"

"ಫ್ರಿಜ್ಜಿನ ಮ್ಯಾಲ. ಉಪ್ಪಿನಕಾಯಿ ಭರಣಿಗೆ ಬಿಸಲು ತೋರಸ್ರಿ, ಮರೀತೀರಿ ನೀವು."

"ನಾ ಮರೀತೀನಿ? ಹೋದ ವರ್ಷ ಬೂಷ್ಟು ಹಿಡಿಸಿದಾಕಿ ಯಾರು?"

"ನೀವ!"

"ನೀನ!"

ಹೀಗೆ ಸ್ವಲ್ಪ ಹೊತ್ತು ನಡೆಯಿತು. ಕಣ್ಣೀರು ಮಾತ್ರ ಬರಲಿಲ್ಲ. ಕುಮುದ ಪರ್ಸು ತೆಗೆದುಕೊಂಡು ಎದ್ದು ನಿಂತಳು. ಇಳಿಯುವ ಮೊದಲು, ಏನೋ ಮಾತು ತೇಲಿಸಲಿಕ್ಕೆಂದು, ಕಿಟಕಿಯಿಂದ ಬಾಗಿ ಕೂಗಿದಳು: "ವೈನಿ, ಚಹಾ ಆತೇನ್ರಿ?"

ಹೈಸ್ಕೂಲಿಗೆ ಹೋಗುತ್ತಿದ್ದಷ್ಟು ವರ್ಷವೂ, ರಿಟಾಯರ್ ಆದ ಮೇಲೆ ಅಡ್ಡಾಡಿ ಬಂದಾಗಲೂ, ಅವಳು ಸಂಜೆ ಗೇಟು ತೆಗೆಯುತ್ತಿದ್ದಂತೆ ಕೂಗುತ್ತಿದ್ದ ಮಾತು ಅದು. ಒಳಗೆ ಬರುವ ಮೊದಲು, ಚಪ್ಪಲಿ ಬಿಡುವ ಮೊದಲು. ಒಂದು ದಿನವೂ ತಪ್ಪಿಸದೆ ನಾನೂ ಒಳಗಿನಿಂದ ಕೂಗುತ್ತಿದ್ದೆ: "ನಾ ಏನು ನಿನ್ನ ಆಳೇನು?" ಹಾಗೆ ಕೂಗುವ ಹೊತ್ತಿಗೆ ಚಹಾ ಸೋಸಿ ಆಗಿರುತ್ತಿತ್ತು.

ಅದನ್ನೇ ಕೂಗಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ನಾಳೆಯಿಂದ ಆ ಗೇಟು ಸಂಜೆ ಸುಮ್ಮನೇ ಇರುತ್ತದೆ ಎಂಬುದು ನನಗೆ ಆಗ, ಆ ಪರದೇಶದ ಪ್ಲಾಟ್‌ಫಾರ್ಮಿನಲ್ಲಿ, ತಂಬಿಗೆ ಕೈಯಲ್ಲಿ ಹಿಡಿದುಕೊಂಡು ನಿಂತಾಗ ತಿಳಿಯಿತು. ಮಾಸ್ತರ ಕರ್ಚೀಫು ಚಾಚಿದ. ಬೇಕಾಗಲಿಲ್ಲ. ಗಾಲಿ ಆಗಲೇ ತಿರುಗುತ್ತಿತ್ತು.

"ನಿಲ್ಲಸ್ರೋ!" ಎಂದು ಗಾಡಿಯ ಜೊತೆ ಓಡಿದೆ. "ನಾ ಇನ್ನೂ ಜವಾಬು ಕೊಟ್ಟಿಲ್ಲ!" ಕುಮುದ ಕಿಟಕಿಯಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟೇ ಕಂಡಿತು.

ಶನಿವಾರ ಹೆಡ್ವಿಗಾಬಾಯಿಯ ಮನೆಗೆ ಫೋನು ಬಂತು. ಮದುವೆಯಾಯಿತಂತೆ. ಪೇಡೆ ಕೆಟ್ಟಿರಲಿಲ್ಲವಂತೆ. ಗಲಗಲಿಯವರು ರಿಜಿಸ್ಟ್ರಾರ್ ಎದುರಿಗೆ ಗಡಿಬಿಡಿಯಲ್ಲಿ ತಮ್ಮ ಹೆಸರನ್ನು ಎರಡು ಸಲ ಬರೆದರಂತೆ.

"ನಾ ತಿರುಗಿ ಬರ್ತೀನಿ ವೈನಿ. ನಿಮ್ಮ ಸಲುವಾಗಿ ಅಳ್ತೀನಿ."

"ನೀ ಬಂದ್ರ ನಿನ್ನ ಕಳಸಲಿಕ್ಕೆ ಮತ್ತ ನಾ ಅಳಬೇಕು. ಒಮ್ಮೆ ಅತ್ತದ್ದ ಸಾಕಾಗೇದ. ಸುಮ್ನ ಸಂಸಾರ ಮಾಡು" ಎಂದು ಫೋನಿಟ್ಟೆ.

ಆಯಿತಲ್ಲ, ಇನ್ನು ನನ್ನ ಪಾಡು? ಆ ಊರಿನಲ್ಲಿ ನನಗಾಗಿ ಅಳುವವರು ಯಾರಿದ್ದಾರೆ? ಕುಮುದಳ ಇಂಗ್ಲಿಷೂ ಹೋಗಿತ್ತು. ಉಳಿದದ್ದು ನನ್ನ ಕನ್ನಡ, ಚಟ್ನಿಪುಡಿಯ ಡಬ್ಬಿ ಮತ್ತು ಹೆಡ್ವಿಗಾಬಾಯಿ. ಮುಂಜಾನೆ ಎದ್ದರೆ ಅವಳು ಚಳಿಗಾಳಿಗೆ ಕಿಟಕಿ ತೆರೆಯುವಳು, ನಾನು ಮುಚ್ಚುವೆ. ಅವಳ ಸಾರಿಗೆ ನಾನು ಚಟ್ನಿಪುಡಿ ಸುರಿಯುವೆ, ಅವಳು ಪಾತ್ರೆ ಕಸಿದುಕೊಂಡು ಹೊರಳಿ ನಿಂತು ಅದನ್ನೇ ಬೆರಳಿನಿಂದ ನೆಕ್ಕುವಳು. ಮೂದೇವಿ ಎಂಬ ಮಾತು ಅವಳಿಗೆ ಎಷ್ಟು ಹಿಡಿಸಿತ್ತೆಂದರೆ ಬೆಕ್ಕಿಗೂ ಅದನ್ನೇ ಅನ್ನುತ್ತಿದ್ದಳು. ಒಂದು ದಿನ ಚಳಿ ಹೆಚ್ಚಾದಾಗ, ಬಯ್ಯುತ್ತಲೇ ಬಾಗಿಲ ಹಿಂದಿನ ಎರಡನೆಯ ಏಪ್ರನ್ ತೆಗೆದು ನನ್ನ ಸೀರೆಯ ಮೇಲೆ ಕಟ್ಟಿದಳು. ನಾನು ಬಯ್ಯುತ್ತಲೇ ಕಟ್ಟಿಸಿಕೊಂಡೆ.

ನಮ್ಮ ಜಗಳಕ್ಕೆ ಕಿಟಕಿಯಲ್ಲಿ ದಿನಾ ಜನ ಕೂಡುತ್ತಿದ್ದರು. ಮೊದಮೊದಲು ಬರೀ ಕೇಳುತ್ತಿದ್ದರು. ಆಮೇಲೆ, ಹೆಡ್ವಿಗಾಬಾಯಿ ಕೈಸನ್ನೆಯಲ್ಲಿ ಆಡಿ ತೋರಿಸಿದ ಪ್ರಕಾರ, ಬ್ರೆಡ್ಡಿನವನ ಹೆಂಡತಿ ಮನೆಗೆ ಹೋಗಿ ಗಂಡನಿಗೆ, ನಿನ್ನ ಬ್ರೆಡ್ಡು ಕಲ್ಲು ಎಂದಳಂತೆ. ಅವನು ಮೂರ್ಛೆ ಹೋಗಲಿಲ್ಲ, ತಿರುಗಿ ಬಯ್ದ. ಕಂದು ಪೆಟ್ಟಿಗೆಯ ಮುದುಕನೂ ಅವನ ನೆರೆಯವನೂ ಬೇಲಿ ದಾಟಿದ ಸೇಬಿನ ಮರದ ಟೊಂಗೆಗಾಗಿ ಟೊಪ್ಪಿಗೆ ಎಸೆದಾಡಿದರು. ಎಷ್ಟೋ ವರ್ಷದಿಂದ ಆ ಟೊಂಗೆ ನೆರೆಯವನ ಹೊಟ್ಟೆಯಲ್ಲಿ ಚುಚ್ಚುತ್ತಿತ್ತಂತೆ, ಹೇಳಿರಲಿಲ್ಲವಂತೆ. ಅದಾದ ಮುಂದಿನ ವಾರ ಮುದುಕ ಪೆಟ್ಟಿಗೆ ಹಿಡಿದು ಗಾಡಿ ಹತ್ತಿದ. ನೆರೆಯವನು ಹೂ ತಂದಿರಲಿಲ್ಲ, ಬರಿಗೈಯಲ್ಲಿ ಬಂದು ಮುಖ ಊದಿಸಿಕೊಂಡು ನಿಂತಿದ್ದ. ಒಮ್ಮೆಗೇ "ಇನ್ನು ಆ ಟೊಂಗೆ ಯಾರ ಸಲುವಾಗಿ ಕಡಿಯಲಿ" ಎಂಬಂತೆ ಏನೋ ಕೂಗಿ ಮುಖ ಮುಚ್ಚಿಕೊಂಡ. ಗಾಡಿ ಹೊರಟಿತು. ಇಡೀ ಪ್ಲಾಟ್‌ಫಾರ್ಮು ನನ್ನ ಕಡೆ ತಿರುಗಿ ನೋಡಿತು. ನಾನೇನು ಮಾಡಿದೆನಪ್ಪ? ನಾನು ಉಪ್ಪು ಕೇಳಿದ್ದೆ, ಅಷ್ಟೆ.

ಮನೆಯಿಂದ ಯಜಮಾನರ ಫೋನು ಬಂತು. "ಅವಸರ ಏನಿಲ್ಲ, ಸಾವಕಾಶ ಬಾ. ನಾ ಆರಾಮ ಇದ್ದೀನಿ" ಎಂದರು. ಆ ಆರಾಮ ಎಂಬ ಮಾತಿನಲ್ಲಿ ಎಂಥ ಆರಾಮವಿತ್ತೆಂದರೆ ನಾನು ಅಲ್ಲೇ ತೀರ್ಮಾನಿಸಿದೆ: ಮೊದಲು ಕುಮುದಳ ಸಂಸಾರ ಒಮ್ಮೆ ನೋಡುವುದು, ಅಲ್ಲಿಂದ ನೆಟ್ಟಗೆ ಧಾರವಾಡ.

ಮರುದಿನ ಹೊರಡಲು ನೋಡಿದರೆ ತಂಬಿಗೆ ಇಲ್ಲ. ಮಂಚದ ಕೆಳಗಿಲ್ಲ, ಒಲೆಯ ಹತ್ತಿರವಿಲ್ಲ. ತಂಬಿಗೆ ಬಿಟ್ಟು ಹೇಗೆ ಹೋಗಲಿ, ನನ್ನ ತವರಿನದು ಅದು. ಗಾಡಿ ತಪ್ಪಿತು. ಅದರ ಮರುದಿನವೂ ಹುಡುಕಿದೆ, ತಪ್ಪಿತು. ಹೆಡ್ವಿಗಾಬಾಯಿ ನನ್ನ ಜೊತೆಗೇ ಹುಡುಕುತ್ತಿದ್ದಳು, ಬಹಳ ಉತ್ಸಾಹದಿಂದ, ಸಕ್ಕರೆ ಡಬ್ಬಿಯ ಮುಚ್ಚಳ ಸಹ ತೆಗೆದು ನೋಡುತ್ತಿದ್ದಳು. ತಂಬಿಗೆ ಸಕ್ಕರೆ ಡಬ್ಬಿಯಲ್ಲಿ ಹಿಡಿಯುತ್ತದೆಯೇ? ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮೂರನೆಯ ದಿನ ತಂಬಿಗೆಯ ಆಸೆ ಬಿಟ್ಟು, "ನಿಮ್ಮೂರು ನನ್ನ ತಂಬಿಗಿ ನುಂಗಿತಲ್ಲೇ, ಹಾಳಾಗಿ ಹೋಗ್ಲಿ" ಎಂದು ಅವಳಿಗೆ ಹೇಳಿ, ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ ಒಬ್ಬಳೇ ಸ್ಟೇಶನ್ನಿಗೆ ನಡೆದೆ. ಅವಳು ಬಾಗಿಲಿಗೂ ಬರಲಿಲ್ಲ. ಗಾಡಿ ಹತ್ತಿ ಕೂತೆ. ಪ್ಲಾಟ್‌ಫಾರ್ಮಿನಲ್ಲಿ ಜನವೇನೋ ಇದ್ದರು. ಆದರೆ ಎಲ್ಲರೂ ತಮ್ಮ ತಮ್ಮವರೊಡನೆ ಜಗಳದಲ್ಲಿ ಮುಳುಗಿದ್ದರು, ಅದನ್ನು ಕಲಿಸಿದ ಗುರು ಹೊರಟಿದ್ದಾಳೆಂದು ಯಾರಿಗೆ ನೆನಪು? ಮಾಸ್ತರ ಒಣ ಕರ್ಚೀಫು ಹಿಡಿದು ಅತ್ತಿತ್ತ ಓಡಾಡಿದ. ನಾನು ಎದೆ ಗಟ್ಟಿ ಮಾಡಿಕೊಂಡು ಕೂತೆ. ಆದರೆ ಒಳಗೆ ಹೆದರಿದ್ದೆ. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಬಾಯಿದ್ದವಳಿಗಾಗಿ ಅಳುವವರಿರುತ್ತಾರೆಂದು ಯಾವ ಗಾದೆಯೂ ಹೇಳಿಲ್ಲ.

ಮಾಸ್ತರ ಬಂದು, ಇಳಿಯಿರಿ ಎಂದು ಕೈ ತೋರಿಸಿದ. ನಾನು ಚೀಲ ಹೆಗಲಿಗೇರಿಸಿದೆ.

ಆಗ ಸೇತುವೆಯ ಕಡೆಯಿಂದ ಕೂಗು ಕೇಳಿಸಿತು. ಹೆಡ್ವಿಗಾಬಾಯಿ ಓಡಿ ಬರುತ್ತಿದ್ದಳು. ಓಟವೆಂದರೆ ಓಟವಲ್ಲ, ಅವಳ ಮೈಗೆ ಎಷ್ಟು ಸಾಧ್ಯವೋ ಅಷ್ಟು. ಎರಡೂ ಕೈಯಲ್ಲಿ ನನ್ನ ತಂಬಿಗೆ. ಕಂಠದವರೆಗೆ ನೀರು ತುಂಬಿಸಿದ್ದಳು, ಅಷ್ಟು ದೂರ ಓಡಿ ಬಂದರೂ ಚೆಲ್ಲದ ಹಾಗೆ ಅಂಗೈ ಮುಚ್ಚಿ ಹಿಡಿದಿದ್ದಳು. ಕಿಟಕಿಗೆ ಬಂದವಳೇ ತಂಬಿಗೆಯನ್ನು ನನ್ನ ಕೈಗೆ ಕುಕ್ಕಿ ಬಯ್ಯತೊಡಗಿದಳು. ನನ್ನ ಸೀರೆ, ನನ್ನ ಚಟ್ನಿಪುಡಿ, ನಾನು ಮುಚ್ಚಿದ ಕಿಟಕಿಗಳು, ಒಂದನ್ನೂ ಬಿಡಲಿಲ್ಲ.

"ಕಳ್ಳಿ! ನೀನ ಮುಚ್ಚಿಟ್ಟಿದ್ದಿ?" ಎಂದೆ.

"ಮೂದೇವಿ!" ಎಂದಳು. ಎರಡನೆಯ ಸಲ ಅನ್ನಲು ಹೋದಳು, ಅರ್ಧಕ್ಕೇ ನಿಂತಿತು. ಕಣ್ಣಿಂದ ದಳದಳ ನೀರು ಇಳಿಯಿತು. ಮಾಸ್ತರ ಅಲ್ಲಿಗೆ ತಲುಪುವ ಮೊದಲೇ ಗಾಡಿ ಹೊರಟುಬಿಟ್ಟಿತು, ಅಷ್ಟು ರಭಸವಾಗಿ ಅದು ಹೊರಟದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಅವಳು ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಸಿಂಹದ ನಲ್ಲಿಯ ಪಕ್ಕ, ಸೊಂಟದ ಮೇಲೆ ಎರಡೂ ಕೈ ಇಟ್ಟು ನಿಂತೇ ಇದ್ದಳು. ಆ ಮನೆಯ ಗೂಟಕ್ಕೆ ಮತ್ತೆ ಎರಡು ಏಪ್ರನ್ ತೂಗುತ್ತಿರುತ್ತವೆ ಎಂದುಕೊಂಡೆ.

ತಂಬಿಗೆ ಎತ್ತಿ ದೊಡ್ಡ ಗುಟುಕು ಕುಡಿದೆ. ಕುಡಿದವಳು ಕಿಟಕಿಯಿಂದ ಥೂ ಎಂದು ಉಗುಳಿದೆ. ಉಪ್ಪು! ಮೆಟ್ಟಿಲಿಗೆ ಹಾಕುವ ಆ ಹರಳುಪ್ಪನ್ನು ಹಿಡಿಗಟ್ಟಲೆ ಕರಗಿಸಿ ತಂದಿದ್ದಳು ಮುದುಕಿ. ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ನನಗೆ ಬರುವ ಬೈಗಳನ್ನೆಲ್ಲ ಬೈದೆ. ಗಾಡಿ ತಿರುವು ದಾಟಿತ್ತು. ಅವಳಿಗೆ ಕೇಳಿಸಿತೋ ಇಲ್ಲವೋ. ನಗುತ್ತಾ ನಗುತ್ತಾ ನನ್ನ ಕಣ್ಣಲ್ಲೂ ಬಂತು, ಯಾವ ಗಾಡಿಗೂ ಬೇಕಿಲ್ಲದ ನೀರು.

ದಾರಿಯಲ್ಲಿ ಮೂರು ನಾಲ್ಕು ಕಡೆ ಗಾಡಿ ನಿಂತಿತು. ಪ್ಲಾಟ್‌ಫಾರ್ಮಿನಲ್ಲಿ ನಲ್ಲಿಗಳೂ ಇದ್ದವು. ತಂಬಿಗೆ ಬರಿದು ಮಾಡಿ ಬೇರೆ ನೀರು ತುಂಬಿಕೊಳ್ಳಬಹುದಿತ್ತು. ನಾನು ಇಳಿಯಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತೆ.

ಕುಮುದಳ ಹೊಸ ಮನೆಯಲ್ಲಿ ಆ ದಿನ ನಾನೇ ಸಾರು ಮಾಡಿದೆ. ಗಲಗಲಿಯವರು ಎರಡು ಸಲ ಹಾಕಿಸಿಕೊಂಡರು. ಕುಮುದ ಒಂದು ತುತ್ತು ಉಂಡು, ನನ್ನ ಮುಖ ನೋಡಿ, "ವೈನಿ, ಇವತ್ತು ಉಪ್ಪು ಬರೋಬ್ಬರಿ ಬಿದ್ದದ ನೋಡ್ರಿ" ಎಂದಳು. ಇಷ್ಟು ವರ್ಷದಲ್ಲಿ ನನ್ನ ಅಡಿಗೆಗೆ ಒಮ್ಮೆಯೂ ಹೀಗೆ ಅಂದವಳಲ್ಲ.

"ಉಪ್ಪು ನಂದಲ್ಲ" ಎಂದೆ, ತಂಬಿಗೆಯ ತಳದಲ್ಲಿ ಉಳಿದ ನೀರನ್ನೂ ಸಾರಿಗೆ ಬಗ್ಗಿಸುತ್ತಾ.